ಕತ್ತಲೆಯಲ್ಲಿ ಕಾಣುವ ಹಕ್ಕಿ

ಆಗಸವನ್ನು ನೋಡುವುದೆಂದರೆ ಚುಕ್ಕೆಗಳನ್ನು ನೋಡುವುದೆಂದೇ ನಾವು ತಿಳಿದಿದ್ದೇವೆ. ರೋಹಿಣಿ ಮಳೆ, ಮೃಗಶಿರಾ ಮಳೆ ಎಂದು ಮಳೆಗೂ ನಕ್ಷತ್ರಗಳ ಹೆಸರನ್ನೇ ಇಟ್ಟ ಜನ ನಾವು. ಆದರೆ ಚುಕ್ಕೆಗಳ ನಡುವಣ ಕತ್ತಲೆಯನ್ನೂ ಓದಿದ ಜನರು ಈ ಭೂಮಿಯ ಮೇಲಿದ್ದಾರೆ. ಅವರೇ ಆಸ್ಟ್ರೇಲಿಯದ ಮೂಲನಿವಾಸಿಗಳು.

ದಕ್ಷಿಣದ ಆಗಸದಲ್ಲಿ ತ್ರಿಶಂಕು ನಕ್ಷತ್ರಪುಂಜದ ಪಕ್ಕದಲ್ಲಿ ಒಂದು ಕಪ್ಪು ಮಚ್ಚೆಯಿದೆ. ಅದು ಎಮು ಹಕ್ಕಿಯ ತಲೆ. ಅಲ್ಲಿಂದ ವೃಶ್ಚಿಕದವರೆಗೆ ಆಕಾಶಗಂಗೆಯ ಉದ್ದಕ್ಕೂ ಹಬ್ಬಿದ ಕಪ್ಪು ಪಟ್ಟಿಗಳೇ ಅದರ ಕೊರಳು ಮತ್ತು ಒಡಲು. ಕಾಮಿಲರೋಯಿ, ಯುವಲಾಯಿ ಜನಾಂಗಗಳಿಗೆ ಇದು ಪಂಚಾಂಗವೂ ಹೌದು. ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಹಕ್ಕಿ ಓಡುವಂತೆ ತೋರುತ್ತದೆ. ನೆಲದ ಮೇಲೆ ಹೆಣ್ಣು ಎಮು ಗಂಡನ್ನು ಬೆನ್ನಟ್ಟುವ ಕಾಲವದು. ಜೂನ್, ಜುಲೈ ವೇಳೆಗೆ ಕಾಲುಗಳು ಮಸುಕಾಗಿ, ಗೂಡಿನ ಮೇಲೆ ಕುಳಿತಂತೆ ಕಾಣುತ್ತದೆ. ಆಗ ಗಂಡು ಹಕ್ಕಿ ಮೊಟ್ಟೆಗಳಿಗೆ ಕಾವು ಕೊಡುತ್ತಿರುತ್ತದೆ.

ವಿಜ್ಞಾನದ ದೃಷ್ಟಿಯಲ್ಲಿ ಆ ಕತ್ತಲೆ ಬರಿದಲ್ಲ. ಅದು ಅನಿಲ ಹಾಗೂ ಧೂಳಿನ ಮಹಾಮೇಘ. ಬೆಳಕಿಗೆ ಅದು ತಡೆಗೋಡೆ. ರೇಡಿಯೋ ಅಲೆಗಳಿಗಾದರೋ ತೆರೆದ ಬಾಗಿಲು. ಆದುದರಿಂದಲೇ ರೇಡಿಯೋ ದೂರದರ್ಶಕಗಳು ಕಣ್ಣಿಗೆ ಕಾಣದುದನ್ನು ಅರಿಯಬಲ್ಲವು.

ವಜರಿ ಜನರ ನೆಲದಲ್ಲಿ

ಪಶ್ಚಿಮ ಆಸ್ಟ್ರೇಲಿಯದ ಮರ್ಚಿಸನ್ ಸೀಮೆಯಲ್ಲಿ, ಪರ್ತ್ ನಗರದಿಂದ ಉತ್ತರಕ್ಕೆ ಸುಮಾರು 800 ಕಿಲೋಮೀಟರ್ ದೂರದಲ್ಲಿ, ಇಂತಹ ದೂರದರ್ಶಕಗಳ ಒಂದು ನೆಲೆಯಿದೆ. ಪಟ್ಟಣವೆಂಬುದೇ ಇಲ್ಲದ ಸೀಮೆಯಿದು. ಮೊಬೈಲು, ರೇಡಿಯೋಗಳ ಗದ್ದಲವಿಲ್ಲದ ಈ ಮೌನವೇ ವಿಜ್ಞಾನಿಗಳನ್ನು ಅಲ್ಲಿಗೆ ಸೆಳೆಯಿತು. 12 ಮೀಟರ್ ಅಗಲದ 36 ತಟ್ಟೆಗಳು ಅಲ್ಲಿ ಆಗಲೇ ಆಗಸದತ್ತ ಮುಖಮಾಡಿವೆ. ಅವುಗಳಿಗೆ ವಜರಿ ಭಾಷೆಯ ಹೆಸರುಗಳಿವೆ. ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಇನ್ನು 1,31,072 ಆ್ಯಂಟೆನಾಗಳು ಅಲ್ಲಿ ನಿಲ್ಲಲಿವೆ. ಒಂದೊಂದೂ ಸುಮಾರು ಎರಡು ಮೀಟರ್ ಎತ್ತರದ ಲೋಹದ ಗಿಡದಂತಿದೆ. ಮೊದಲ 1,024 ಆ್ಯಂಟೆನಾಗಳಿಂದ ಪಡೆದ ಚಿತ್ರ 2025ರ ಮಾರ್ಚಿಯಲ್ಲಿ ಪ್ರಕಟವಾಯಿತು.

ಆದರೆ ಮೌನವಾಗಿದ್ದ ಮಾತ್ರಕ್ಕೆ ಆ ನೆಲ ಒಡೆಯರಿಲ್ಲದ್ದಲ್ಲ. ಅಲ್ಲಿ ವಜರಿ ಯಮಜಿ ಜನರ ಪೂರ್ವಿಕರ ಹೆಜ್ಜೆಗಳಿವೆ, ಪವಿತ್ರ ತಾಣಗಳಿವೆ. ಅವರ ಭೂಹಕ್ಕನ್ನು ನ್ಯಾಯಾಲಯ ಮಾನ್ಯ ಮಾಡಿದ್ದು 2017ರಲ್ಲಿ. ಆ ಬಳಿಕ ಮಾತುಕತೆ ಮುಂದುವರಿದು, 2022ರ ನವೆಂಬರಿನಲ್ಲಿ ಅವರೊಡನೆ ಒಪ್ಪಂದವಾಯಿತು. ಮರುತಿಂಗಳು ಕಾಮಗಾರಿ ವಿಧ್ಯುಕ್ತವಾಗಿ ಆರಂಭವಾಯಿತು. ಪರಂಪರೆಯ ತಾಣಗಳಿಗೆ ಧಕ್ಕೆಯಾಗದಂತೆ ನಕ್ಷೆಯನ್ನೇ ಬದಲಿಸಿ ಆ್ಯಂಟೆನಾಗಳ ಜಾಗಗಳನ್ನು ಸರಿಸಲಾಯಿತು. ಇಡೀ ನೆಲೆಗೆ ವಜರಿ ಜನರು ಕೊಟ್ಟ ಹೆಸರು ಇನ್ಯಾರಿಮಾನಾ ಇಲ್ಗಾರಿ ಬುಂದರಾ. ಆಗಸವನ್ನೂ ನಕ್ಷತ್ರಗಳನ್ನೂ ಹಂಚಿಕೊಳ್ಳುವುದು ಎಂದರ್ಥ.

ಈ ಹಂಚಿಕೆಯಲ್ಲಿ ನಮ್ಮ ನಾಡಿಗೂ ಪಾಲುಂಟು. ಇದೇ ನೆಲೆಯಲ್ಲಿ 2013ರಲ್ಲಿ ಕಾರ್ಯಾರಂಭ ಮಾಡಿದ ಮರ್ಚಿಸನ್ ವೈಡ್‌ಫೀಲ್ಡ್ ಅರೇ ಎಂಬ ದೂರದರ್ಶಕದ ನಿರ್ಮಾಣದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ದುಡಿದಿದ್ದಾರೆ.

ಹೊಸದನ್ನು ಕಟ್ಟುವಾಗ ಹಳೆಯದನ್ನು ಅಳಿಸಲೇಬೇಕೆಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಅಣೆಕಟ್ಟಿಗೆ, ರಸ್ತೆಗೆ ನೆಲ ಬೇಕಾದಾಗ ಅಲ್ಲಿ ಬಾಳಿದವರ ಮಾತು ಎಷ್ಟೋ ಬಾರಿ ಕೊನೆಗೆ ಕೇಳಿಸುತ್ತದೆ. ಕೋಟ್ಯಂತರ ವರ್ಷಗಳ ಹಿಂದಿನ ಕ್ಷೀಣ ಧ್ವನಿಯನ್ನು ಆಲಿಸಹೊರಟವರು ಮೊದಲು ಕಾಲಡಿಯ ನೆಲದವರ ಧ್ವನಿಯನ್ನು ಆಲಿಸಬೇಕಾಯಿತು. ಇದು ಎಲ್ಲ ನಾಡಿಗೂ ಸಲ್ಲುವ ಪಾಠ.

ಮೇ ತಿಂಗಳ ನಡುವಿನಲ್ಲಿ, ರಾತ್ರಿ ಒಂಬತ್ತರ ಸುಮಾರಿಗೆ, ದೀಪಗಳಿಲ್ಲದ ಹೊಲದ ಬದುವಿನಿಂದ ದಕ್ಷಿಣ ದಿಗಂತದತ್ತ ನೋಡಿದರೆ ನಮ್ಮಲ್ಲಿಯೂ ತ್ರಿಶಂಕು ತಗ್ಗಿನಲ್ಲಿ ಕಾಣುತ್ತದೆ. ಮನೆಯ ಮಕ್ಕಳಿಗೆ ಅದರ ಚುಕ್ಕೆಗಳನ್ನು ತೋರಿಸುವಾಗ ಪಕ್ಕದ ಕತ್ತಲೆಯನ್ನೂ ತೋರಿಸೋಣ.