ಸ್ಮಶಾನದಲ್ಲಿ ಫೋಟೊ ಶೂಟ್: ಅನುಮತಿ ಯಾರದು, ಎಲ್ಲೆ ಯಾವುದು?

ಮದುವೆಗೆ ಮುನ್ನ ವಧೂವರರು ಬಗೆಬಗೆಯ ವೇಷ ತೊಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವ ಪದ್ಧತಿ ಈಗ ಮಹಾನಗರಗಳಿಗೆ ಸೀಮಿತವಾಗಿ ಉಳಿದಿಲ್ಲ. ರಾಜ-ರಾಣಿಯರ ಉಡುಪು, ಹಳೆಯ ಕಾಲದ ನಿಲುವಂಗಿ, ದೆವ್ವದ ಮುಖವಾಡ ಹೀಗೆ ವೇಷ ಯಾವುದೇ ಇರಲಿ, ಅದಕ್ಕೊಪ್ಪುವ ಹಿನ್ನೆಲೆಗಾಗಿ ಹುಡುಕಾಟ ನಡೆಯುತ್ತದೆ. ಆ ಹುಡುಕಾಟ ಕೆಲವೊಮ್ಮೆ ಗೋರಿ, ಸಮಾಧಿ, ರುದ್ರಭೂಮಿಗಳ ಬಾಗಿಲಿಗೂ ಬಂದು ನಿಲ್ಲುತ್ತದೆ. ಹಳೆಯ ಕಲ್ಲು, ಮೌನ, ಸಂಜೆಯ ಬೆಳಕು ಅಲ್ಲಿ ಒಟ್ಟಿಗೆ ಸಿಗುವುದೇ ಇದಕ್ಕೆ ಕಾರಣ.

ಸ್ಮಶಾನಕ್ಕೆ ಕಾಲಿಡುವುದೇ ಅಪಶಕುನ ಎಂಬ ನಂಬಿಕೆ ಒಂದೆಡೆ, ಅದು ಮೌಢ್ಯ ಎಂಬ ವಾದ ಇನ್ನೊಂದೆಡೆ ಇದೆ. ಆ ಮೌಢ್ಯವನ್ನು ವಿರೋಧಿಸುವುದಕ್ಕಾಗಿಯೇ ರಾಜಕಾರಣಿ ಸತೀಶ ಜಾರಕಿಹೊಳಿ ಅವರು 2014ರ ಡಿಸೆಂಬರ್ 6ರಂದು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ರಾತ್ರಿ ಕಳೆದಿದ್ದರು. ಆದರೆ ಶಿಷ್ಟಾಚಾರದ ಪ್ರಶ್ನೆ ಭೂತ-ಪ್ರೇತಗಳಿಗೆ ಸಂಬಂಧಿಸಿದ್ದಲ್ಲ. ದೆವ್ವಕ್ಕೆ ಅಂಜದವರೂ ಅಲ್ಲಿ ತಮ್ಮವರನ್ನು ಮಣ್ಣು ಮಾಡಿದ ಜನರ ನೋವಿಗೆ ಅಂಜಬೇಕಾಗುತ್ತದೆ. ಆ ಅಂಜಿಕೆ ಎಲ್ಲಿ, ಎಷ್ಟು ಎಂಬುದು ಸ್ಥಳದ ಬಗೆಯನ್ನು ಅವಲಂಬಿಸಿದೆ. ಪ್ರಾಚೀನ ಸಮಾಧಿ ನೆಲೆ, ಪೂಜೆಗೊಳ್ಳುವ ಸಮಾಧಿ ಮತ್ತು ಇಂದಿಗೂ ಬಳಕೆಯಲ್ಲಿರುವ ಸ್ಮಶಾನ ಎಂಬ ಮೂರು ಬಗೆಗಳೂ ಕೊಪ್ಪಳ ಜಿಲ್ಲೆಯಲ್ಲಿವೆ.

ಮೋರ್ಯರ ಮನೆಗಳು

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಬಳಿಯ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಸುಮಾರು 400 ಶಿಲಾಸಮಾಧಿಗಳಿವೆ. ಸುಮಾರು 2,800 ವರ್ಷಗಳ ಹಿಂದಿನದೆನ್ನಲಾದ ಈ ನೆಲೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿದ್ದು, 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಸ್ಥಳೀಯರು ಇದನ್ನು ಮೋರ್ಯರ ಗುಡ್ಡ ಎಂದೂ, ಸಮಾಧಿಗಳನ್ನು ಮೋರ್ಯರ ಮನೆಗಳು ಎಂದೂ ಕರೆಯುತ್ತಾರೆ.

ನೆಲಕ್ಕೆ ಊರಿದ ಕಲ್ಲುಚಪ್ಪಡಿಗಳು ಗೋಡೆಗಳಾಗಿ, ಮೇಲೊಂದು ಚಪ್ಪಡಿ ಮಾಳಿಗೆಯಾಗಿ ನಿಂತಿರುವ ಈ ರಚನೆಗಳು ನೋಡಲು ಪುಟ್ಟ ಮನೆಗಳಂತೆಯೇ ಇವೆ. ಹಲವು ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿಗಳಿವೆ. ಗಾರೆಯಾಗಲಿ, ಸುಣ್ಣವಾಗಲಿ ಬಳಸದ ಇವು ಪರಸ್ಪರ ಭಾರ ಮತ್ತು ಆಸರೆಯ ಬಲದಿಂದಲೇ ನಿಂತಿವೆ. ಆದ್ದರಿಂದ ಮೇಲಿನ ಚಪ್ಪಡಿ ಏರಿ ನಿಲ್ಲುವುದು, ಗೋಡೆಗೆ ಮೈಭಾರ ಹಾಕಿ ಒರಗುವುದು, ಕಿಂಡಿಯೊಳಗೆ ನುಸುಳಿ ಮುಖ ತೋರಿಸುವುದು ಬರಿಯ ಅಸಭ್ಯತೆಯಲ್ಲ, ಅಪಾಯ. ಒಂದು ಚಪ್ಪಡಿ ಜಾರಿದರೆ ಇಡೀ ರಚನೆಯೇ ಕುಸಿಯಬಹುದು.

ಇಲ್ಲಿ ಅಳುವ ಬಂಧುಗಳಿಲ್ಲ. ಮಡಿದವರ ಹೆಸರೂ ಯಾರಿಗೂ ಗೊತ್ತಿಲ್ಲ. ಹಾಗೆಂದು ಅದು ಯಾರದೂ ಅಲ್ಲದ ನೆಲವೆಂದು ಭಾವಿಸುವುದು ತಪ್ಪು. ಸಂರಕ್ಷಿತ ಸ್ಮಾರಕಗಳಲ್ಲಿ ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಪ್ರವಾಸಿಗರು ಚಿತ್ರ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ಟ್ರೈಪಾಡ್, ಕೃತಕ ದೀಪ, ಡ್ರೋನ್ ಬಳಸುವ ವೃತ್ತಿಪರ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಪಡೆಯಬೇಕು.

ಪೂಜೆಗೊಳ್ಳುವ ಸಮಾಧಿಗಳು

ಆನೆಗೊಂದಿ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನದ ಸ್ಥಿತಿಯೇ ಬೇರೆ. ಪದ್ಮನಾಭತೀರ್ಥರು, ವ್ಯಾಸರಾಜರು, ಸುಧೀಂದ್ರತೀರ್ಥರು ಸೇರಿದಂತೆ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳು ಅಲ್ಲಿವೆ. ಭಕ್ತರ ಪಾಲಿಗೆ ಯತಿಗಳು ಗತಿಸಿದವರಲ್ಲ, ವೃಂದಾವನದೊಳಗೆ ಇಂದಿಗೂ ಇರುವವರು. ಮಡಿಯಲ್ಲಿಲ್ಲದವರು ವೃಂದಾವನವನ್ನು ಮುಟ್ಟುವುದಿಲ್ಲ.

2019ರ ಜುಲೈನಲ್ಲಿ ನಿಧಿಯಾಸೆಗೆ ಬಿದ್ದ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ರಾತ್ರೋರಾತ್ರಿ ಅಗೆದು ಕೆಡವಿದರು. ಮಠಾಧೀಶರು ಮತ್ತು ಭಕ್ತರು ಸೇರಿ ಅದನ್ನು ಮರಳಿ ನಿಲ್ಲಿಸಿದರು. ಅಂಥ ಗಾಯವನ್ನು ಕಂಡ ಊರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಚೀಲ, ದೀಪ, ಕಂಬಗಳೊಂದಿಗೆ ಓಡಾಡುವ ಅಪರಿಚಿತರನ್ನು ಜನ ಸಂಶಯದಿಂದ ನೋಡಿದರೆ ಅಚ್ಚರಿಯಿಲ್ಲ. ಛಾಯಾಗ್ರಾಹಕರು ಮೊದಲೇ ತಮ್ಮ ಪರಿಚಯ ಹೇಳಿಕೊಳ್ಳುವುದು ಅವರ ಸುರಕ್ಷತೆಗೂ ಒಳ್ಳೆಯದು.

ಮಠಗಳ ಗದ್ದುಗೆ, ದರ್ಗಾಗಳ ಮಜಾರ್‌ಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಏನು ಸಲ್ಲುತ್ತದೆ, ಏನು ಸಲ್ಲದು ಎಂಬುದನ್ನು ಹೇಳಬೇಕಾದವರು ಮಠದವರು ಅಥವಾ ದರ್ಗಾ ಸಮಿತಿಯವರು. ಪ್ರಸಿದ್ಧ ಸ್ಮಾರಕಗಳಲ್ಲೂ ಈ ಎಚ್ಚರ ಉಳಿದಿದೆ. 2018ರಲ್ಲಿ ಪುರಾತತ್ವ ಇಲಾಖೆ ಸ್ಮಾರಕಗಳ ಒಳಗೆ ಛಾಯಾಗ್ರಹಣಕ್ಕಿದ್ದ ನಿರ್ಬಂಧವನ್ನು ಸಡಿಲಿಸಿದಾಗ ಹೊರಗಿರಿಸಿದ ಕೆಲವೇ ತಾಣಗಳಲ್ಲಿ ತಾಜ್‌ಮಹಲಿನ ಗೋರಿ ಇರುವ ಮುಖ್ಯ ಭಾಗವೂ ಒಂದು.

ಬಳಕೆಯಲ್ಲಿರುವ ಸ್ಮಶಾನಗಳು

ಹೆಚ್ಚು ಎಚ್ಚರ ಬೇಕಾದದ್ದು ನಿನ್ನೆ ಮೊನ್ನೆ ಮಣ್ಣಾದವರು ಮಲಗಿರುವ ಕಡೆ. ಊರಿನ ರುದ್ರಭೂಮಿ, ಖಬರಸ್ತಾನ, ಕ್ರೈಸ್ತರ ಸ್ಮಶಾನ ಯಾವುದೇ ಇರಲಿ, ಅಲ್ಲಿನ ಪ್ರತಿ ದಿಬ್ಬಕ್ಕೂ ವಾರಸುದಾರರಿದ್ದಾರೆ. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಹಲವು ಮನೆತನಗಳು ಹಿರಿಯರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತವೆ. ಸೂರ್ಯಕಾಂತಿ ಅರಳಿದ ಹೊಲದ ಬದುವಿನಲ್ಲಿ ಕಾಣುವ ಕಟ್ಟೆ ಕೂರುವ ಜಗಲಿಯಾಗಿರದೆ ಆ ಮನೆಯ ಅಜ್ಜನ ಸಮಾಧಿಯಾಗಿರಬಹುದು. ಊರ ಹೊರಗಿನ ವೀರಗಲ್ಲು, ಮಾಸ್ತಿಕಲ್ಲುಗಳೂ ಸತ್ತವರ ನೆನಪಿನ ಕಲ್ಲುಗಳೇ. ಹೊಲದವರನ್ನು ಕೇಳದೆ ಎಲ್ಲಿಯೂ ಕೂರಬಾರದು, ಯಾವುದನ್ನೂ ಏರಬಾರದು.

ಸಾರ್ವಜನಿಕ ಸ್ಮಶಾನವಾದರೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿ, ಸಮುದಾಯದ್ದಾದರೆ ಅದರ ಸಮಿತಿ, ಖಬರಸ್ತಾನವಾದರೆ ಅದರ ಆಡಳಿತ ಮಂಡಳಿ, ಕ್ರೈಸ್ತರದ್ದಾದರೆ ಚರ್ಚ್ ಅನುಮತಿ ಕೊಡಬೇಕು. ಕಾವಲುಗಾರನ ಕೈಗೆ ನೂರು ರೂಪಾಯಿ ತುರುಕುವುದು ಅನುಮತಿಯಲ್ಲ. ಸ್ಮಶಾನ ಕಾಯುವವನ ಅಪ್ಪಣೆಯ ಮಹತ್ವ ಕನ್ನಡಿಗರಿಗೆ ಹೊಸದೇನಲ್ಲ. ಹರಿಶ್ಚಂದ್ರನ ಕಥೆಯಲ್ಲಿ ಸ್ವಂತ ಮಗನ ಶವ ಹೊತ್ತು ಬಂದ ಚಂದ್ರಮತಿಯೂ ಆ ಅಪ್ಪಣೆಗೆ ಕಾಯಬೇಕಾಯಿತು.

ಕಾನೂನು ಏನನ್ನುತ್ತದೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮು ಸಮಾಧಿ ಸ್ಥಳಗಳಲ್ಲಿನ ಅತಿಕ್ರಮ ಪ್ರವೇಶಕ್ಕೆ ಸಂಬಂಧಿಸಿದೆ. ಹಳೆಯ ದಂಡಸಂಹಿತೆಯಲ್ಲಿ ಇದು 297ನೇ ಕಲಮಾಗಿತ್ತು. ಇನ್ನೊಬ್ಬರ ಭಾವನೆಗೆ ನೋವುಂಟುಮಾಡುವ ಉದ್ದೇಶದಿಂದ, ಅಥವಾ ನೋವಾಗುವ ಸಂಭವವಿದೆ ಎಂದು ತಿಳಿದೂ ಅತಿಕ್ರಮ ಎಸಗಿದರೆ ಒಂದು ವರ್ಷದವರೆಗೆ ಸಜೆ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 1958ರ ಕಾಯ್ದೆಯಡಿ ಎರಡು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡಕ್ಕೂ ಅವಕಾಶವಿದೆ.

ನದಿಯ ಆಚೆ ದಡದ ಹಂಪಿಯಲ್ಲಿ ಕಂಬವೊಂದನ್ನು ಯುವಕರು ಬೀಳಿಸುವ ದೃಶ್ಯ 2019ರಲ್ಲಿ ಹರಿದಾಡಿದಾಗ, ಆ ದೃಶ್ಯವೇ ಅವರಿಗೆ ಮುಳುವಾಯಿತು. ನ್ಯಾಯಾಲಯ ಪ್ರತಿಯೊಬ್ಬರಿಗೂ 70 ಸಾವಿರ ರೂಪಾಯಿ ದಂಡ ವಿಧಿಸಿತು. ಕಂಬವನ್ನೂ ಅವರಿಂದಲೇ ಮರಳಿ ನಿಲ್ಲಿಸಲಾಯಿತು. ಸಭ್ಯತೆಯ ಎಲ್ಲೆ ಮೀರಿದರೂ ಬೆಲೆ ತೆರಬೇಕಾದೀತು ಎಂಬುದಕ್ಕೆ 2024ರ ಫೆಬ್ರುವರಿಯ ನಿದರ್ಶನವಿದೆ. ಚಿತ್ರದುರ್ಗ ಜಿಲ್ಲೆ ಭರಮಸಾಗರದ ಸರ್ಕಾರಿ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ವಿವಾಹಪೂರ್ವ ಚಿತ್ರೀಕರಣ ನಡೆಸಿದ ಗುತ್ತಿಗೆ ವೈದ್ಯರೊಬ್ಬರು ಕೆಲಸ ಕಳೆದುಕೊಂಡರು.

ವೇಷವೇ ತಪ್ಪೇ?

ವೇಷ ತೊಡುವುದು ತಪ್ಪಲ್ಲ. ಹಗಲುವೇಷ, ಬಯಲಾಟ, ಮೊಹರಂನ ಹುಲಿವೇಷ ಕಂಡ ನಾಡಿದು. ಸ್ಮಶಾನದ ಹೆಸರನ್ನೇ ಹೊತ್ತ ಸುಡುಗಾಡು ಸಿದ್ಧರೂ ವೇಷ ತೊಟ್ಟು ಊರೂರು ಸುತ್ತಿದವರು. ಆದರೆ ಸತ್ತವರನ್ನು ಅಣಕಿಸುವ ವೇಷ ಸತ್ತವರ ನಡುವೆ ಸಲ್ಲದು. ಇಂಗ್ಲೆಂಡಿನ ವಿಟ್ಬಿ ಪಟ್ಟಣದಲ್ಲಿ 1994ರಿಂದ ನಡೆದು ಬಂದ ಗಾತ್ ಉತ್ಸವಕ್ಕೆ ಕಪ್ಪು ಉಡುಪಿನ ಸಾವಿರಾರು ಮಂದಿ ಸೇರುತ್ತಾರೆ. ಡ್ರಾಕುಲಾ ಕಾದಂಬರಿಯಿಂದ ಪ್ರಸಿದ್ಧವಾದ ಅಲ್ಲಿನ ಸೇಂಟ್ ಮೇರಿ ಚರ್ಚಿನ ಸ್ಮಶಾನದಲ್ಲಿ ಗೋರಿಗಳ ಮೇಲೆ ಕುಳಿತು ಚಿತ್ರ ತೆಗೆಸಿಕೊಳ್ಳುವುದಕ್ಕೆ ಆಕ್ಷೇಪ ಬಂದಿತ್ತು. ಆಕ್ಷೇಪ ಇದ್ದದ್ದು ಉಡುಪಿಗಲ್ಲ, ಗೋರಿಯನ್ನು ಆಸನ ಮಾಡಿಕೊಂಡದ್ದಕ್ಕೆ.

ಪಾಲಿಸಬೇಕಾದ ಕ್ರಮ

* ಚಿತ್ರೀಕರಣದ ದಿನ, ವೇಳೆ, ವೇಷ ಮತ್ತು ಉದ್ದೇಶವನ್ನು ಸ್ಥಳದ ಹೊಣೆ ಹೊತ್ತವರಿಗೆ ಮೊದಲೇ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಬೇಕು.
* ಅಂತ್ಯಕ್ರಿಯೆಗೆ ಜನ ಬಂದರೆ ತಕ್ಷಣ ಕ್ಯಾಮೆರಾ ಮುಚ್ಚಿ ಹೊರಡಬೇಕು.
* ಮಹಾಲಯ ಅಮಾವಾಸ್ಯೆ, ಷಬ್-ಎ-ಬರಾತ್, ನವೆಂಬರ್ 2ರ ಮೃತರ ಸ್ಮರಣೆಯ ದಿನಗಳಂದು ಅತ್ತ ಹೋಗಬಾರದು.
* ಗೋರಿಯನ್ನು ಮೆಟ್ಟಬಾರದು, ಒರಗಬಾರದು. ಇಟ್ಟ ಹೂವು, ದೀಪಗಳನ್ನು ಸರಿಸಬಾರದು.
* ಮೃತರ ಹೆಸರು, ಭಾವಚಿತ್ರ ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಬೇಕು.
* ಬಣ್ಣದ ಪುಡಿ, ಹೊಗೆ, ಬೆಂಕಿ, ಸಂಗೀತ, ಊಟ ಬೇಡ. ಕಸವನ್ನು ಮರಳಿ ಒಯ್ಯಬೇಕು.
* ಮೃತರ ಮನೆಯವರು ಆಕ್ಷೇಪಿಸಿದರೆ ವಾದಿಸದೆ ಚಿತ್ರವನ್ನು ಅಳಿಸಬೇಕು.

ಹಿರೇಬೆಣಕಲ್ಲಿನ ಜನ ಸಮಾಧಿಗಳನ್ನು ಮನೆಗಳೆಂದು ಕರೆದದ್ದರಲ್ಲಿ ಈ ಕ್ರಮಗಳ ಸಾರವೆಲ್ಲ ಅಡಗಿದೆ. ಪರರ ಮನೆಗೆ ಹೋದವರು ಬಾಗಿಲಲ್ಲಿ ನಿಂತು ಕೇಳುತ್ತಾರೆ, ಮನೆಯವರು ಬೇಡವೆಂದರೆ ಹಿಂದಿರುಗುತ್ತಾರೆ. ಸ್ಮಶಾನದಲ್ಲಿ ಬೇಡವೆನ್ನಲು ಮನೆಯೊಡೆಯರಿಗೆ ಬಾಯಿಲ್ಲವಾದ್ದರಿಂದ, ಅವರ ಪರವಾಗಿ ಆ ಮಾತನ್ನು ಹೇಳಿಕೊಳ್ಳುವ ಹೊಣೆ ಕ್ಯಾಮೆರಾ ಹಿಡಿದವರದೇ ಆಗಿರುತ್ತದೆ.