ಸುಗಾಲಿಗಳು: ನಮ್ಮ ನೆರೆಯ ತಾಂಡಾಗಳ ಜನ

ಹಿಂದೂಪುರ, ಕಲ್ಯಾಣದುರ್ಗಗಳ ಸುತ್ತಣ ಸೀಮೆಯಲ್ಲಿ ತೆಲುಗು, ಕನ್ನಡಗಳೆರಡೂ ಕೇಳಿಬರುವುವೆಂಬುದು ಎಲ್ಲರಿಗೂ ತಿಳಿದ ವಿಷಯ. ಊರ ಹೊರಗಿನ ತಾಂಡಾಗಳಲ್ಲಿ ಮೂರನೆಯ ನುಡಿಯೊಂದೂ ಉಂಟು. ಅದನ್ನಾಡುವವರನ್ನು ಆಂಧ್ರದಲ್ಲಿ ಸುಗಾಲಿಗಳೆಂದೂ ಕರ್ನಾಟಕದಲ್ಲಿ ಲಂಬಾಣಿಗರೆಂದೂ ಉತ್ತರ ದೇಶದಲ್ಲಿ ಬಂಜಾರರೆಂದೂ ಕರೆಯುವರು. ನಮ್ಮ ಮಕ್ಕಳು ಸಂತೆಯಲ್ಲಿ ಅವರ ಉಡುಪನ್ನು ನೋಡಿ ಬೆರಗಾಗುವುದುಂಟು. ಆದರೆ ಅವರ ಬಾಳನ್ನು ಅರಿತವರು ವಿರಳ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ.

ಇವರನ್ನು ಸಾಮಾನ್ಯವಾಗಿ ಆದಿವಾಸಿಗಳೆಂದು ಕರೆಯುವರಾದರೂ ಇವರು ಈ ನೆಲದ ಮೂಲನಿವಾಸಿಗಳಲ್ಲ. ಇವರ ಪೂರ್ವಿಕರು ರಾಜಸ್ಥಾನದ ಕಡೆಯಿಂದ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಕ್ಷಿಣಕ್ಕೆ ಬಂದ ವ್ಯಾಪಾರಿಗಳು. ಮೊಗಲರ ಸೈನ್ಯಗಳಿಗೂ, ಮೈಸೂರು ಯುದ್ಧಗಳ ಕಾಲದ ದಂಡುಗಳಿಗೂ ಧಾನ್ಯ ಒದಗಿಸಿದವರಲ್ಲಿ ಇವರು ಮುಖ್ಯರು. ಹತ್ತೊಂಬತ್ತನೆಯ ಶತಮಾನದಲ್ಲಿ ರಸ್ತೆಗಳೂ ರೈಲುಗಳೂ ಬಂದ ಮೇಲೆ ಎತ್ತಿನ ಹೇರು ನಿಂತಿತು, ಕಸುಬು ಕೈಬಿಟ್ಟಿತು. ಅಷ್ಟು ಸಾಲದೆಂಬಂತೆ, 1871ರಲ್ಲಿ ಬ್ರಿಟಿಷ್ ಸರ್ಕಾರವು ಮಾಡಿದ ಅಪರಾಧಿ ಬುಡಕಟ್ಟುಗಳ ಕಾನೂನು ಮುಂದೆ 1911ರಲ್ಲಿ ಮದ್ರಾಸು ಪ್ರಾಂತ್ಯಕ್ಕೂ ವ್ಯಾಪಿಸಿತು. ಅಲೆಮಾರಿಗಳಾದ ಅನೇಕ ಕುಲಗಳೊಡನೆ ಲಂಬಾಣಿಗರ ಕೆಲವು ಪಂಗಡಗಳೂ ಆ ಪಟ್ಟಿಗೆ ಸೇರಿದವು. ತಪ್ಪು ಮಾಡದವನೂ ಹುಟ್ಟಿದೊಡನೆ ಅಪರಾಧಿಯೆನಿಸಿದನು. ಸ್ವತಂತ್ರ ಭಾರತವು 1952ರಲ್ಲಿ ಆ ಕಾನೂನನ್ನು ತೊಡೆದುಹಾಕಿತು. ಜನರ ಮನಸ್ಸಿನ ಅನುಮಾನವಾದರೋ ಅಷ್ಟು ಬೇಗ ತೊಡೆದುಹೋಗಲಿಲ್ಲ.

ಇವರ ನುಡಿಗೆ ಗೋರ್‌ಬೋಲಿಯೆಂದು ಹೆಸರು. ಅದು ದ್ರಾವಿಡ ಭಾಷೆಯಲ್ಲ, ರಾಜಸ್ಥಾನಿಗೆ ಹತ್ತಿರವಾದುದು. ನೀರಿಗೆ 'ಪಾಣಿ'ಯೆಂದೂ ತಾಯಿಗೆ 'ಯಾಡಿ'ಯೆಂದೂ ಹೇಳುವರು. ಈ ನುಡಿಗೆ ಸ್ವಂತ ಲಿಪಿಯಿಲ್ಲದುದರಿಂದ ಆಂಧ್ರದಲ್ಲಿ ತೆಲುಗು ಲಿಪಿಯಲ್ಲಿಯೂ ನಮ್ಮಲ್ಲಿ ಕನ್ನಡ ಲಿಪಿಯಲ್ಲಿಯೂ ಬರೆಯುವರು. ತಾಂಡಾಕ್ಕೆ ನಾಯಕನೊಬ್ಬನಿರುವನು, ವ್ಯಾಜ್ಯಗಳು ಅವನ ಮುಂದೆ ತೀರುತ್ತಿದ್ದುವು. ಹೆಂಗಸರ ಲಂಗ, ಕುಪ್ಪಸಗಳ ಮೇಲಿನ ಕನ್ನಡಿ ಚೂರುಗಳ ಕಸೂತಿಯು ಲೋಕಪ್ರಸಿದ್ಧ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಅವರ ನಂಬಿಕೆಗಳನ್ನು ನೋಡೋಣ. ಅವರು ಮೇರಾಮ ಮೊದಲಾದ ತಾಯಿದೇವತೆಗಳನ್ನು ಪೂಜಿಸುವರು. ದನಕರುಗಳ ಕ್ಷೇಮಕ್ಕಾಗಿ ಸೀತಳಾದೇವಿಯ ಹಬ್ಬ ಮಾಡುವರು. ಅವರೆಲ್ಲರ ಗುರು ಸಂತ ಸೇವಾಲಾಲರು. ಇವರು 1739ರ ಫೆಬ್ರವರಿ 15ರಂದು ಜನಿಸಿದರೆಂದು ಸಮುದಾಯದವರು ಎಣಿಸುವರು. ಜನ್ಮಸ್ಥಳವು ದಾವಣಗೆರೆ ಜಿಲ್ಲೆಯ ಸೂರಗೊಂಡನಕೊಪ್ಪವೆಂದು ಕೆಲವರೂ ಗುತ್ತಿಯ ಸಮೀಪವೆಂದು ಕೆಲವರೂ ಹೇಳುವರು. ಸುಳ್ಳು, ಕಳವು, ಮದ್ಯಗಳನ್ನು ಬಿಡಬೇಕೆಂಬುದು ಅವರ ಬೋಧೆಯ ಸಾರ. ಶ್ರಾವಣದ ತೀಜ್ ಹಬ್ಬದಲ್ಲಿ ಮದುವೆಯಾಗದ ಹೆಣ್ಣುಮಕ್ಕಳು ಬುಟ್ಟಿಯ ಮಣ್ಣಿನಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ಹಾಡುತ್ತ ನೀರೆರೆದು, ಕೊನೆಯ ದಿನ ಮೊಳಕೆಗಳನ್ನು ನೀರಿಗೆ ಬಿಡುವರು. ಆ ಹಾಡುಗಳೇ ಅವರ ಪುರಾಣ, ಅವರ ಚರಿತ್ರೆ.

ಕ್ರೈಸ್ತ ಸೇವಕರು ಈ ಸೀಮೆಗೆ ಹೊಸಬರಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಎಂಬವರು 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದರು. ಅನಂತಪುರವು ಆಗ ಬಳ್ಳಾರಿ ಜಿಲ್ಲೆಯಲ್ಲಿಯೇ ಸೇರಿತ್ತು, 1882ರಲ್ಲಿ ಬೇರೆಯಾಯಿತು. ಕನ್ನಡ, ತೆಲುಗುಗಳಿಗೆ ಹೀಗೆ ಬೇಗನೆ ದೊರೆತ ಗ್ರಂಥವು ತಾಂಡಾದವರಿಗೆ ಬಹುಕಾಲ ಪರಭಾಷೆಯಲ್ಲಿಯೇ ಉಳಿಯಿತು. ರೊನಾಲ್ಡ್ ಟ್ರೇಲ್ ಎಂಬ ವಿದ್ವಾಂಸರು ಲಂಬಾಣಿ ಭಾಷೆಯ ವ್ಯಾಕರಣವನ್ನು 1970ರಲ್ಲಿ ಪ್ರಕಟಿಸಿದರು. ಹೊಸ ಒಡಂಬಡಿಕೆಯೂ ಆ ನುಡಿಯಲ್ಲಿ ಅಚ್ಚಾಗಿದೆ. ಆದರೆ ಅಚ್ಚಾದ ಮಾತ್ರಕ್ಕೆ ಕೆಲಸವು ಮುಗಿಯದು. ಓದು ಬಾರದ ಹಿರಿಯರಿಗೆ ಪುಸ್ತಕಕ್ಕಿಂತ ಹಾಡೂ ಕಥೆಯೂ ಹೆಚ್ಚು ಹತ್ತಿರ. ಮಳೆ ಕೈಕೊಟ್ಟ ವರ್ಷ ತಂದೆತಾಯಿಗಳು ಕೂಲಿಗೆ ದೂರದ ಪಟ್ಟಣಗಳಿಗೆ ಹೋದರೆ ತಾಂಡಾದಲ್ಲಿ ಮುದುಕರೂ ಮಕ್ಕಳೂ ಮಾತ್ರ ಉಳಿಯುವರು. ಸೇವೆಗೆ ಹೋಗುವವನು ಮೊದಲು ಈ ಕಷ್ಟವನ್ನು ಕಾಣಬೇಕು. ಅವರ ನುಡಿ ಕಲಿಯಬೇಕು. ಅವರ ಹಬ್ಬ, ಉಡುಪುಗಳನ್ನು ಹಳಿಯದೆ ಇರಬೇಕು.

ಇನ್ನು ಕಾನೂನಿನ ವಿಷಯ. ರಾಜ್ಯಾಂಗದ 25ನೆಯ ವಿಧಿಯು ತನ್ನ ಮತವನ್ನು ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅದರಲ್ಲಿ ಅಡಕವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ತೀರ್ಪಿತ್ತಿತು. ಮತ್ತೊಂದು ಸೂಕ್ಷ್ಮವೂ ಉಂಟು. ಆಂಧ್ರದಲ್ಲಿ ಸುಗಾಲಿಗಳು ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಅದೇ ಜನ ಪರಿಶಿಷ್ಟ ಜಾತಿ. ಪಂಗಡದ ಮಾನ್ಯತೆಗೆ ಮತದ ಕಟ್ಟುಪಾಡಿಲ್ಲ. ಜಾತಿಯ ಮಾನ್ಯತೆಯಾದರೋ 1950ರ ಆಜ್ಞೆ ಹಾಗೂ ಅದರ ತಿದ್ದುಪಡಿಗಳಂತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಹೀಗಾಗಿ ಕ್ರೈಸ್ತನಾದ ಸುಗಾಲಿಯು ಹಿಂದೂಪುರದಲ್ಲಿ ಉಳಿಸಿಕೊಳ್ಳುವ ಸೌಲಭ್ಯವನ್ನು, ಗಡಿಯಾಚೆ ಗೌರಿಬಿದನೂರಿನ ಅವನ ನೆಂಟನು ಕ್ರೈಸ್ತನಾದರೆ ಕಳೆದುಕೊಳ್ಳುವನು. ಇದರಲ್ಲಿ ಮಕ್ಕಳ ವಿದ್ಯಾರ್ಥಿವೇತನವೂ ಕಾಲೇಜಿನ ಪ್ರವೇಶವೂ ಅಡಗಿರುವುದರಿಂದ, ಈ ಸಂಗತಿಯನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಧರ್ಮವಾಗದು.

ಸೇವೆಗೆ ಒಂದು ಮೇಲ್ಪಂಕ್ತಿಯು ಇಲ್ಲಿಯೇ ಇದೆ. ಸ್ಪೇನ್ ದೇಶದಿಂದ 1952ರಲ್ಲಿ ಭಾರತಕ್ಕೆ ಬಂದ ವಿನ್ಸೆಂಟ್ ಫೆರರ್ ಅವರು ಮೊದಲು ಜೆಸ್ವಿತ್ ಸಂಘದವರು. ಅವರು 1969ರಲ್ಲಿ ಅನಂತಪುರದಲ್ಲಿ ಗ್ರಾಮೀಣ ಅಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ, ಮುಂದೆ ಆ ಸಂಘವನ್ನು ತೊರೆದು, 2009ರಲ್ಲಿ ಕಾಲವಾಗುವವರೆಗೂ ಇಲ್ಲಿಯ ಬಡವರಲ್ಲಿಯೇ ಬಾಳಿದರು. ಅವರ ಸಂಸ್ಥೆಯು ಕಲ್ಯಾಣದುರ್ಗದಲ್ಲಿಯೂ ಆಸ್ಪತ್ರೆ ಕಟ್ಟಿತು. ಮತವನ್ನು ಕೇಳದೆ ಮನುಷ್ಯನ ಕಷ್ಟವನ್ನು ಕೇಳಿದುದೇ ಅವರ ಹಿರಿಮೆ.

ವಿದ್ಯಾರ್ಥಿಗಳೇ, ತಾಂಡಾದ ಹುಡುಗಿಯೊಬ್ಬಳು ನಿಮ್ಮ ತರಗತಿಗೆ ಬಂದರೆ ಅವಳಿಗೆ ಕನ್ನಡವು ಎರಡನೆಯದೋ ಮೂರನೆಯದೋ ಭಾಷೆಯೆಂಬುದನ್ನು ನೆನೆಯಿರಿ. ಅವಳು ತಡವರಿಸಿದರೆ ನಗಬೇಡಿರಿ. ನೀರಿಗೆ, ತಾಯಿಗೆ ಅವಳ ನುಡಿಯಲ್ಲಿ ಏನೆನ್ನುವರೆಂದು ಕೇಳಿ ಕಲಿಯಿರಿ. ತಂದೆತಾಯಿಗಳೇ, ಕೂಲಿಗೆ ಹೋಗುವ ನೆರೆಯವರ ಮಗುವಿಗೆ ಪರೀಕ್ಷೆಯವರೆಗೆ ನಿಮ್ಮ ಮನೆಯಲ್ಲಿ ಊಟವನ್ನೂ ದೀಪದ ಬೆಳಕನ್ನೂ ಕೊಟ್ಟರೆ ಒಂದು ವರ್ಷದ ವಿದ್ಯೆ ಉಳಿಯುವುದು. ನಮ್ಮ ಕೈಲಾದ ಈ ಕೆಲಸಕ್ಕೆ ಯಾವ ಮತದವರ ಅಡ್ಡಿಯೂ ಇಲ್ಲ.