ಸರದಿಯ ಬೆಳಕು

ಎಲ್‌ಇಡಿ ಗಡಿಯಾರದ ನಾಲ್ಕು ಅಂಕಿಗಳು ಒಟ್ಟಿಗೆ ಬೆಳಗುವಂತೆ ತೋರುವುದಷ್ಟೆ? ಅನೇಕ ಗಡಿಯಾರಗಳಲ್ಲಿ ಒಂದು ಸಲಕ್ಕೆ ಬೆಳಗುವುದು ಒಂದೇ ಅಂಕಿ. ಚುಕ್ಕೆಯೂ ಸೇರಿ ಅಂಕಿಗೆ 8 ದೀಪಗಳು. ಬಿಡಿಬಿಡಿಯಾಗಿ ನಡೆಸಲು ಮೈಕ್ರೋಕಂಟ್ರೋಲರಿನಿಂದ 32 ತಂತಿಗಳು ಬೇಕು. ನಾಲ್ಕಕ್ಕೂ ಸಮಾನವಾಗಿ 8, ಸರದಿ ಕರೆಯಲು 4 ಇಟ್ಟರೆ 12ರಲ್ಲಿಯೇ ಕೆಲಸ ಸಾಗುತ್ತದೆ. ಪ್ರತಿ ಅಂಕಿಗೆ 2.5 ಮಿಲಿಸೆಕೆಂಡಿನ ಸರದಿಯೆಂದರೆ ಸೆಕೆಂಡಿಗೆ 100 ಸುತ್ತು. ನಡುವಣ ಕತ್ತಲೆಯನ್ನು ಕಣ್ಣು ಗುರುತಿಸಲಾರದು.

ಕಾಲುಭಾಗ ಹೊತ್ತು ಮಾತ್ರ ಉರಿಯುವುದರಿಂದ, ಕಾಂತಿ ಕುಂದದಂತೆ ವಿದ್ಯುತ್ ಪ್ರವಾಹವನ್ನು ಹೆಚ್ಚಿಸುವುದು ವಾಡಿಕೆ. ಅಪಾಯವಿರುವುದು ಇಲ್ಲಿಯೇ. ಪ್ರೋಗ್ರಾಂ ನಡುವೆ ನಿಂತುಬಿಟ್ಟರೆ ಸರದಿಯೂ ನಿಲ್ಲುತ್ತದೆ. ಆ ಪ್ರವಾಹವನ್ನು ಬಿಡುವಿಲ್ಲದೆ ಹೊತ್ತ ಅಂಕಿ ಸುಟ್ಟುಹೋಗಬಹುದು. ಆದುದರಿಂದ, ನಿಂತ ಪ್ರೋಗ್ರಾಮನ್ನು ಮೊದಲಿನಿಂದ ಆರಂಭಿಸುವ ವಾಚ್‌ಡಾಗ್ ಟೈಮರನ್ನು ಕಾವಲಿಗಿಡುವುದು ಕ್ಷೇಮ.